ತರಂಗಕ್ಕೂ ಬೇಕು ತೂಕದ ಕಲ್ಲು

ತಕ್ಕಡಿಗೆ ಸರ್ಕಾರದ ಮುದ್ರೆ ಇರಬೇಕೆಂಬುದು ರಾಗಿ ಮಾರುವ ರೈತರಿಗೆಲ್ಲ ಗೊತ್ತು. ಕಣ್ಣಿಗೆ ಕಾಣದ ರೇಡಿಯೊ ತರಂಗವನ್ನು ತೂಗುವ ಉಪಕರಣಗಳಿಗೂ ಅಂಥದೇ ಪರೀಕ್ಷೆ ಇದೆ. ಅದನ್ನು ಮಾಡುವ ಸರ್ಕಾರಿ ಸಂಸ್ಥೆ ದೂರದಲ್ಲೇನೂ ಇಲ್ಲ. ನಮ್ಮ ತುಮಕೂರು ರಸ್ತೆ ಬೆಂಗಳೂರು ಸೇರುವ ಪೀಣ್ಯದಲ್ಲೇ ಇದೆ. ಹೆಸರು ಇಲೆಕ್ಟ್ರಾನಿಕ್ಸ್ ಟೆಸ್ಟ್ ಅಂಡ್ ಡೆವಲಪ್‌ಮೆಂಟ್ ಸೆಂಟರ್, ಬಳಕೆಯಲ್ಲಿ ಇಟಿಡಿಸಿ. ಕೇಂದ್ರ ಸರ್ಕಾರ 1980ರಲ್ಲಿ ಆರಂಭಿಸಿದ ಎಸ್‌ಟಿಕ್ಯೂಸಿ ಎಂಬ ಗುಣಮಟ್ಟ ಪರೀಕ್ಷಾ ಕಾರ್ಯಕ್ರಮದ ಜಾಲಕ್ಕೆ ಇದು ಸೇರಿದೆ.

ಈ ಪರೀಕ್ಷೆಯ ಅಗತ್ಯ ಹುಲಿಯೂರುದುರ್ಗದಂಥ ಬೆಟ್ಟದ ಸೀಮೆಯವರಿಗೆ ಬೇಗ ಅರ್ಥವಾಗುತ್ತದೆ. ಬೆಟ್ಟದ ಮರೆಗೆ ಹೋದರೆ ವಾಕಿಟಾಕಿಗೆ ತಲುಪುವ ಸಿಗ್ನಲ್ ತೀರಾ ಕ್ಷೀಣ. ಒಳ್ಳೆಯ ವಾಕಿಟಾಕಿ ಸುಮಾರು 0.25 ಮೈಕ್ರೋವೋಲ್ಟಿನ ಸಿಗ್ನಲ್ಲನ್ನೂ ಹಿಡಿಯಬೇಕು. ತಂತ್ರಜ್ಞರ ಲೆಕ್ಕದಲ್ಲಿ ಅದು ಮೈನಸ್ 119 ಡಿಬಿಎಂ. ಸೆಟ್ಟು ಅದನ್ನು ಹಿಡಿಯುತ್ತದೋ ಇಲ್ಲವೋ ಎಂದು ಕಾರ್ಖಾನೆಯಲ್ಲಿ ನೋಡುವುದು ಸಿಗ್ನಲ್ ಜನರೇಟರಿನಿಂದ. ಆ ಜನರೇಟರೇ 3 ಡೆಸಿಬೆಲ್ ಹೆಚ್ಚು ಕೊಟ್ಟರೆ ಎರಡು ಪಟ್ಟು ಶಕ್ತಿ ಹೊರಟಂತೆ. ಆಗ ಕಿವುಡು ಸೆಟ್ಟೂ ಪಾಸಾಗಿ ಹೊರಬರುತ್ತದೆ. ತುರ್ತು ಹೊತ್ತಿನಲ್ಲಿ ಅದನ್ನು ನಂಬಿದವರ ಗತಿ ಏನು?

ಇಂಥ ಉಪಕರಣದ ಅಳತೆಯನ್ನು ತಾಳೆ ನೋಡುವ ಕ್ಯಾಲಿಬ್ರೇಷನ್ ಕೆಲಸ ತಾಳ್ಮೆಯದು. ಜನರೇಟರ್ ಚಾಲೂ ಆಗಿ ಅರ್ಧ ಗಂಟೆಯಾದರೂ ಬಿಸಿಯೇರಬೇಕು. ಕನೆಕ್ಟರಿನ ನಡುವಿನ ಪಿನ್ನನ್ನು ಭೂತಕನ್ನಡಿಯಲ್ಲಿ ನೋಡಿ, ಆಲ್ಕೋಹಾಲಿನಲ್ಲಿ ಒರೆಸಿ, ಟಾರ್ಕ್ ಸ್ಪ್ಯಾನರಿನಿಂದ ಹದವಾಗಿ ಬಿಗಿಯುತ್ತಾರೆ. ಸಡಿಲವಾದರೆ ತರಂಗದ ಒಂದು ಪಾಲು ಹಿಂದಕ್ಕೆ ಪುಟಿದು ಅಳತೆಯನ್ನೇ ಕೆಡಿಸುತ್ತದೆ. ಪವರ್ ಸೆನ್ಸರನ್ನು ಸೊನ್ನೆಗೆ ತಂದು, ಪವರ್ ಮೀಟರಿನಲ್ಲೇ ಇರುವ 50 ಮೆಗಾಹರ್ಟ್ಸ್, 1 ಮಿಲಿವ್ಯಾಟಿನ ಆಧಾರಕ್ಕೆ ಹೊಂದಿಸಿ, ಆಮೇಲೆ ಒಂದೊಂದೇ ಆವರ್ತನದಲ್ಲಿ ಅಳೆಯುತ್ತಾರೆ. 1 ಮಿಲಿವ್ಯಾಟ್ ಎಂದರೆ ಸೊನ್ನೆ ಡಿಬಿಎಂ. 50 ಓಮ್ ಲೋಡಿನಲ್ಲಿ 0.224 ವೋಲ್ಟ್.

ನಿಜವಾದ ಕಷ್ಟ ಕೆಳಗಿನ ಮಟ್ಟಗಳಲ್ಲಿದೆ. ಅಷ್ಟು ಸಣ್ಣ ಶಕ್ತಿ ಸೆನ್ಸರಿಗೆ ಕಾಣುವುದೇ ಇಲ್ಲ. ಮೆಷರಿಂಗ್ ರಿಸೀವರ್ ಬೇಕು. ಹಳೆಯ ಜನರೇಟರುಗಳಲ್ಲಿ ಸಿಗ್ನಲ್ಲನ್ನು ತಗ್ಗಿಸುವ ಅಟೆನ್ಯುಯೇಟರಿನ ಒಂದು ರಿಲೇ ಸವೆದಿದ್ದರೆ, ಸೊನ್ನೆ ಡಿಬಿಎಂನಲ್ಲಿ ಸರಿಯಿದ್ದದ್ದು ಮೈನಸ್ 100ರಲ್ಲಿ ದಾರಿ ತಪ್ಪಿರುತ್ತದೆ. ಮೇಲಿನ ಮಟ್ಟದ ಒಂದೆರಡು ಬಿಂದು ನೋಡಿ ಸರಿಯಿದೆ ಎಂಬ ಸ್ಟಿಕ್ಕರ್ ಅಂಟಿಸುವುದು ಅಳತೆಗೇ ಮಾಡುವ ದ್ರೋಹ.

ಲ್ಯಾಬಿನ ಮೀಟರೂ ತನ್ನಷ್ಟಕ್ಕೆ ಪ್ರಮಾಣವಲ್ಲ. ಅದನ್ನು ಇನ್ನೂ ನಿಖರವಾದ ಉಪಕರಣದೊಡನೆ ಹೋಲಿಸಬೇಕು. ಹೀಗೆ ಮೇಲೇರುತ್ತಾ ಹೋಗುವ ಸರಪಳಿಗೆ ನಮ್ಮ ದೇಶದಲ್ಲಿ ನೆಲೆ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. ಪ್ರತಿ ಹೋಲಿಕೆಯಲ್ಲೂ ಒಂದಿಷ್ಟು ಅನಿಶ್ಚಿತತೆ ಕೂಡಿಕೊಳ್ಳುತ್ತದೆ, ಅದನ್ನು ಪ್ರಮಾಣಪತ್ರದಲ್ಲಿ ಬರೆಯಲೇಬೇಕು. ಆ ಪತ್ರ ಉಪಕರಣ ಚೆನ್ನಾಗಿದೆಯೆಂದು ಹೊಗಳುವುದಿಲ್ಲ, ಎಷ್ಟು ತಪ್ಪಿದೆ ಎಂದು ಹೇಳುತ್ತದೆ. ದುಡ್ಡು ಕೊಟ್ಟು ಪತ್ರ ತಂದು, ತಪ್ಪಿನ ಕಾಲಂ ಓದದೆ ಫೈಲಿಗೆ ಹಾಕಿದರೆ ಪ್ರಯೋಜನವಿಲ್ಲ.

ಕುಣಿಗಲ್, ಗುಬ್ಬಿ ಕಡೆಯಿಂದ ಡಿಪ್ಲೊಮಾ, ಐಟಿಐ ಮುಗಿಸಿ ಪೀಣ್ಯಕ್ಕೆ ಕೆಲಸ ಹುಡುಕಿ ಹೋಗುವ ಹುಡುಗ ಹುಡುಗಿಯರು ಈ ವಿದ್ಯೆಯತ್ತಲೂ ಕಣ್ಣು ಹಾಯಿಸಬೇಕು. ಇನ್ನು ಸಣ್ಣ ಕೈಗಾರಿಕೆಯವರಿಗೆ ಒಂದು ಮಾತು: ಉಪಕರಣವನ್ನು ಯಾವುದೇ ಲ್ಯಾಬಿಗೆ ಕಳಿಸುವ ಮುನ್ನ, ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಲ್ ಜಾಲತಾಣದಲ್ಲಿ ಆ ಲ್ಯಾಬಿನ ಮಾನ್ಯತೆಯ ಪಟ್ಟಿ ನೋಡಿ. ನಿಮಗೆ ಬೇಕಾದ ಆವರ್ತನ, ನಿಮಗೆ ಬೇಕಾದ ಮಟ್ಟ ಎರಡೂ ಅದರಲ್ಲಿದ್ದರೆ ಮಾತ್ರ ಕಳಿಸಿ.