ಚಳಿಗಾಲದ ಓಟ, ಜೊತೆಗೊಬ್ಬ ಅಂಚೆ ತಾತ



ಈ ಸಲದ ದೀಪಾವಳಿ ಊಟದ ದಿನ ಹೋಳಿಗೆ ಬಡಿಸುತ್ತಾ ಬಂದ ನಮ್ಮ ಸಂಪಾದಕರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನ್ರೀ ಇಷ್ಟು ಇಳಿದುಹೋಗಿದ್ದೀರಿ, ಷುಗರ್ರಾ?" ಎಂದು ಕೇಳಿದರು. "ಇಲ್ಲ, ಓಡ್ತೀನಿ" ಅಂದೆ. "ಯಾರ ಕೈಗೂ ಸಿಗದ ಹಾಗಾ?" ಎಂದು ಪಕ್ಕದ ಎಲೆಯವರು ನಕ್ಕರು. "ಈ ಚಳಿಯಲ್ಲೂನಾ?" ಅಂದರು ಇನ್ನೊಬ್ಬರು. ಚಳಿಯಲ್ಲೇ ಹೆಚ್ಚು ಎಂದು ಬಾಯಿ ತಪ್ಪಿ ಹೇಳಿದ್ದೇ ತಪ್ಪಾಯಿತು. ಮುಂದಿನ ಸಂಚಿಕೆಗೆ ಬರೆದುಕೊಡಿ ಎಂದು ಸಂಪಾದಕರು ಅಂದೇ ಗಂಟುಬಿದ್ದರು. ಎರಡನೇ ಹೋಳಿಗೆಯ ಋಣ, ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಓಟಗಾರನಲ್ಲ. ಮೈಸೂರಿನ ಶಾಲೆಯಲ್ಲಿ ಓಟದ ಪಂದ್ಯ ಎಂದರೆ ಹೊಟ್ಟೆನೋವು ಎಂದು ಚೀಟಿ ಬರೆಸಿಕೊಂಡು ಹೋಗುತ್ತಿದ್ದ ಪೈಕಿ. ಈಗಲೂ 5 ಕಿಲೋಮೀಟರಿಗೆ 34 ನಿಮಿಷ ಬೇಕು. ತಳ್ಳುಗಾಡಿಯಲ್ಲಿ ಮಗುವನ್ನು ಕೂರಿಸಿಕೊಂಡು ಓಡುವ ತಾಯಂದಿರು ನನ್ನನ್ನು ಹಿಂದೆ ಹಾಕಿ ಹೋಗುತ್ತಾರೆ. ಮಗು ತಿರುಗಿ ನೋಡಿ ಟಾಟಾ ಮಾಡುತ್ತದೆ.

ನಾವು ಲಂಡನ್ನಿನ ನೈಋತ್ಯ ಭಾಗಕ್ಕೆ ಬಂದದ್ದು 2009ರಲ್ಲಿ. ಇಲ್ಲಿನ ಡಿಸೆಂಬರ್ ನಿಮಗೆ ಗೊತ್ತೇ ಇದೆ. ಎಂಟು ಗಂಟೆಯಾದ ಮೇಲೆ ಸೂರ್ಯ ಏಳುತ್ತಾನೆ, ನಾಲ್ಕಾಗುವ ಮುಂಚೆಯೇ ಮಲಗುತ್ತಾನೆ. ಕತ್ತಲಲ್ಲಿ ಆಫೀಸಿಗೆ ಹೋಗಿ ಕತ್ತಲಲ್ಲಿ ಮನೆಗೆ ಬರುವುದು. ಅದಾದರೂ ತಡೆದುಕೊಳ್ಳಬಹುದು, ಕ್ರಿಸ್ಮಸ್ ರಜೆ ಮಾತ್ರ ಕಷ್ಟ. ಡಿಸೆಂಬರ್ 25ರಂದು ರೈಲಿಲ್ಲ, ಟ್ಯೂಬ್ ಇಲ್ಲ, ಬಸ್ಸಿಲ್ಲ, ಅಂಗಡಿ ಇಲ್ಲ. ಬೀದಿಯ ಒಂದೊಂದು ಕಿಟಕಿಯಲ್ಲೂ ದೀಪ, ಒಳಗೆ ಅವರವರ ಬಂಧುಬಳಗ. ಮಕ್ಕಳ ಸ್ನೇಹಿತರೆಲ್ಲ ಅಜ್ಜಿ ಮನೆಗೆ ಹೋಗಿರುತ್ತಾರೆ. ನಮ್ಮ ಮಕ್ಕಳ ಅಜ್ಜಿ ಮೈಸೂರಿನಲ್ಲಿ, ಐದೂವರೆ ಗಂಟೆ ಮುಂದೆ. ಇಲ್ಲಿ ಸಂಜೆ ಬೇಸರ ಶುರುವಾಗುವ ಹೊತ್ತಿಗೆ ಅಲ್ಲಿ ಅವರು ಮಲಗಿ ಆಗಿರುತ್ತದೆ.

2014ರ ಕ್ರಿಸ್ಮಸ್ ಬೆಳಿಗ್ಗೆ ಕಾಫಿಗೆ ಹಾಲಿಲ್ಲ. ಅಂಗಡಿ ತೆರೆದಿರುವುದಿಲ್ಲ ಎಂದು ಗೊತ್ತಿದ್ದೂ ಹೊರಬಿದ್ದೆ. ಮನೆಯಲ್ಲಿ ಕೂರಲಾಗದವನಿಗೆ ಹಾಲು ಒಂದು ನೆಪ. ಜೀನ್ಸ್ ಪ್ಯಾಂಟು, ದಪ್ಪ ಕೋಟು, ತಲೆಗೆ ಅಮ್ಮ ಹೆಣೆದು ಕಳಿಸಿದ ಕಂದು ಬಣ್ಣದ ಮಂಕಿ ಟೋಪಿ. ಪಾರ್ಕಿನ ಹತ್ತಿರ ಬಂದರೆ ಕೆಂಪು ಟೋಪಿ, ಹಿಮಸಾರಂಗದ ಕೊಂಬು ಸಿಕ್ಕಿಸಿಕೊಂಡ ನೂರಾರು ಜನ! ಹಳದಿ ಜಾಕೀಟು ತೊಟ್ಟ ವಯಸ್ಸಾದ ಒಬ್ಬರು ನನ್ನ ಟೋಪಿ ನೋಡಿ, ವೇಷ ಎಂದುಕೊಂಡರೋ ಏನೋ, "ಚೆನ್ನಾಗಿದೆ, ಬರ್ತೀಯಾ?" ಎಂದರು. ಓಡಲು ಬರುವುದಿಲ್ಲ ಅಂದೆ. "ನಾನು ಇವತ್ತು ಎಲ್ಲರಿಗಿಂತ ಕೊನೆಯವನು, ಅದೇ ನನ್ನ ಡ್ಯೂಟಿ. ನನ್ನ ಜೊತೆ ನಡಿ" ಅಂದರು. ನಲವತ್ತು ವರ್ಷ ಅಂಚೆ ಹಂಚಿ ನಿವೃತ್ತರಾದವರು. ನಮ್ಮ ಮನೆಯಲ್ಲಿ ಅವರಿಗೆ ಅಂಚೆ ತಾತ ಎಂದೇ ಹೆಸರು. ಹಾಲಿಲ್ಲದೆ, ಒಂದು ಗಂಟೆ ತಡವಾಗಿ, ಬೆವರಿಕೊಂಡು ಮನೆಗೆ ಬಂದವನನ್ನು ನೋಡಿ ನನ್ನಾಕೆ ಪೊಲೀಸರಿಗೆ ಫೋನ್ ಮಾಡುವುದರಲ್ಲಿದ್ದಳು.

ಅಂದು ನಾನು ಸೇರಿಕೊಂಡದ್ದು ಪಾರ್ಕ್‌ರನ್. ಪ್ರತಿ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ (ಸ್ಕಾಟ್ಲೆಂಡಿನಲ್ಲಿ ಒಂಬತ್ತೂವರೆಗೆ) 5 ಕಿಲೋಮೀಟರ್ ಓಟ, ಪೂರ್ತಿ ಉಚಿತ. ನಡೆಸುವವರೆಲ್ಲ ಸ್ವಯಂಸೇವಕರು. ಒಮ್ಮೆ ಹೆಸರು ನೋಂದಾಯಿಸಿದರೆ ಒಂದು ಬಾರ್‌ಕೋಡ್ ಕೊಡುತ್ತಾರೆ, ಅದೇ ಜೀವನಪೂರ್ತಿ. ಇದರ ಹುಟ್ಟಿನ ಕಥೆ ನನಗೆ ಬಹಳ ಇಷ್ಟ. 2004ರಲ್ಲಿ ಪಾಲ್ ಸಿಂಟನ್-ಹ್ಯೂಯಿಟ್ ಎಂಬವರು ಗಾಯವಾಗಿ ಓಡಲಾರದೆ ಕೂತಿದ್ದರು. ಓಟ ಹೋದರೆ ಹೋಗಲಿ, ಓಟದ ಸ್ನೇಹಿತರಾದರೂ ಕೈತಪ್ಪಬಾರದು ಎಂದು ಅಕ್ಟೋಬರ್ 2ರಂದು ಅವರನ್ನೆಲ್ಲ ಬುಷಿ ಪಾರ್ಕಿಗೆ ಕರೆದರು. ಬಂದವರು 13 ಜನ. ಎಷ್ಟನೆಯವರಾಗಿ ಬಂದಿರಿ ಎಂದು ಹೇಳಲು ಹಾರ್ಡ್‌ವೇರ್ ಅಂಗಡಿಯ ವಾಷರುಗಳ ಮೇಲೆ ಅಂಕಿ ಒತ್ತಿ ಕೈಗೆ ಕೊಡುತ್ತಿದ್ದರಂತೆ. ಆಮೇಲೆ ಎಲ್ಲರೂ ಕಾಫಿಗೆ. ಅದು ಈಗ ಇಪ್ಪತ್ತಕ್ಕೂ ಹೆಚ್ಚು ದೇಶಗಳಿಗೆ ಹರಡಿದೆ. ಕ್ರಿಸ್ಮಸ್ ದಿನ, ಹೊಸ ವರ್ಷದ ದಿನ ಶನಿವಾರ ಅಲ್ಲದಿದ್ದರೂ ಅನೇಕ ಪಾರ್ಕುಗಳಲ್ಲಿ ವಿಶೇಷ ಓಟ ಇರುತ್ತದೆ. ಓಡಲಾರದವನು ಸ್ನೇಹಿತರಿಗಾಗಿ ಕಟ್ಟಿದ ಓಟ ಇದು, ಹಾಗಾಗಿಯೇ ಕೊನೆಯಲ್ಲಿ ಬರುವವನಿಗೂ ಚಪ್ಪಾಳೆ.

ಸರಿ, ಚಳಿಯ ವಿಷಯ. ಓಡುವಾಗ ಸ್ನಾಯುಗಳು ಖರ್ಚು ಮಾಡುವ ಶಕ್ತಿಯಲ್ಲಿ ಮುಕ್ಕಾಲು ಪಾಲು ಶಾಖವಾಗಿಯೇ ಹೊರಬರುತ್ತದೆ. ಬೇಸಿಗೆಯಲ್ಲಿ ಈ ಶಾಖವನ್ನು ಹೊರಹಾಕುವುದೇ ಶರೀರಕ್ಕೆ ದೊಡ್ಡ ಕೆಲಸ. ಚರ್ಮದ ಕಡೆಗೆ ರಕ್ತ ಹರಿಸಬೇಕು, ಬೆವರು ಸುರಿಸಬೇಕು, ಹೃದಯ ಹೆಚ್ಚು ಬಡಿದುಕೊಳ್ಳಬೇಕು. ಚಳಿಯಲ್ಲಿ ಆ ಕೆಲಸವನ್ನು ಗಾಳಿಯೇ ಪುಕ್ಕಟೆ ಮಾಡಿಕೊಡುತ್ತದೆ. ಅದಕ್ಕೇ ಐದಾರು ಡಿಗ್ರಿಯಲ್ಲಿ ಓಡುವುದು ಇಪ್ಪತ್ತೈದು ಡಿಗ್ರಿಯಲ್ಲಿ ಓಡುವುದಕ್ಕಿಂತ ಹಗುರ. ನಮ್ಮವರು ಮಾಡುವ ತಪ್ಪು ಒಂದೇ, ವಿಪರೀತ ಬಟ್ಟೆ. ಬಾಗಿಲು ದಾಟಿದಾಗ ಸ್ವಲ್ಪ ಚಳಿ ಎನಿಸಬೇಕು. ಬೆಚ್ಚಗಿದೆ ಎನಿಸಿದರೆ ಹತ್ತು ನಿಮಿಷಕ್ಕೆ ಒದ್ದೆಮುದ್ದೆ. ಹತ್ತಿ ಬಟ್ಟೆ ಬೇಡ, ಬೆವರು ಕುಡಿದು ಮೈಗೆ ಅಂಟಿಕೊಂಡು ನಿಂತಾಗ ನಡುಗಿಸುತ್ತದೆ. ಬೇಗ ಒಣಗುವ ತೆಳು ಅಂಗಿ ಒಂದು, ಮೇಲೆ ಗಾಳಿ ತಡೆಯುವ ಜಾಕೀಟು ಒಂದು, ಕೈಗವಸು, ಕಿವಿ ಮುಚ್ಚುವ ಪಟ್ಟಿ, ಇಷ್ಟು ಸಾಕು. ಶಾಖವೆಲ್ಲ ನೆತ್ತಿಯಿಂದಲೇ ಹೋಗುತ್ತದೆ ಎಂಬುದು ನಮ್ಮಮ್ಮನ ಸಿದ್ಧಾಂತ. ತಲೆ ಮೈಯ ಹತ್ತನೇ ಒಂದು ಭಾಗ ಮಾತ್ರ, ಹೆಚ್ಚುಕಡಿಮೆ ಅಷ್ಟೇ ಶಾಖ ಅಲ್ಲಿಂದ ಹೋಗುವುದು. ಇದನ್ನು ಫೋನಿನಲ್ಲಿ ಹೇಳಿದಾಗ ಅಮ್ಮ, "ಅದೆಲ್ಲ ಗೊತ್ತಿಲ್ಲ, ಟೋಪಿ ಹಾಕ್ಕೋ" ಅಂದರು.

ಅಂಜಬೇಕಾದದ್ದು ಚಳಿಗಲ್ಲ, ಮಂಜುಗಡ್ಡೆಗೆ. ರಸ್ತೆಯ ಮೇಲೆ ಕಣ್ಣಿಗೆ ಕಾಣದ ಪದರ ಕಟ್ಟಿದ ದಿನ ಮನೆಯಲ್ಲಿರುವುದೇ ಜಾಣತನ. ಪಾರ್ಕ್‌ರನ್ನಿನವರೂ ಅಂಥ ದಿನ ರದ್ದು ಮಾಡುತ್ತಾರೆ. ಕತ್ತಲಲ್ಲಿ ಹೊರಟರೆ ಬೆಳಕಿಗೆ ಹೊಳೆಯುವ ಬಟ್ಟೆ ಇರಲಿ. ಅಸ್ತಮಾ ಇದ್ದವರಿಗೆ ತಣ್ಣನೆ ಒಣಗಾಳಿ ತೊಂದರೆ ಕೊಡಬಹುದು. ಹೃದಯದ ಕಾಯಿಲೆ ನಮ್ಮ ಕಡೆಯ ಜನರಲ್ಲಿ ಹೆಚ್ಚು, ಹಾಗಾಗಿ ನಲವತ್ತು ದಾಟಿದವರು ಒಮ್ಮೆ ಡಾಕ್ಟರರನ್ನು ಕೇಳಿ ಶುರುಮಾಡಿ. ಇನ್ನೊಂದು ವಿಷಯ. ಬಿಸಿಲಲ್ಲಿ ಓಡಿದರೆ ವಿಟಮಿನ್ ಡಿ ಸಿಗುತ್ತದೆ ಎಂದು ನಾನೂ ನಂಬಿದ್ದೆ. ಅಕ್ಟೋಬರಿನಿಂದ ಮಾರ್ಚ್ ಮೊದಲವರೆಗೆ ಈ ದೇಶದ ಬಿಸಿಲಿಗೆ ಆ ಶಕ್ತಿಯೇ ಇಲ್ಲ. ನಮ್ಮಂಥ ಕಪ್ಪು ಚರ್ಮದವರು ವರ್ಷಪೂರ್ತಿ ದಿನಕ್ಕೆ 10 ಮೈಕ್ರೋಗ್ರಾಂ ಮಾತ್ರೆ ತೆಗೆದುಕೊಳ್ಳುವ ಬಗ್ಗೆ ಯೋಚಿಸಿ ಎಂಬುದು ಎನ್‌ಎಚ್‌ಎಸ್ ಸಲಹೆ.

ಹೊಸಬರಿಗೆ ಎನ್‌ಎಚ್‌ಎಸ್‌ನದೇ 'ಕೌಚ್ ಟು 5ಕೆ' ಇದೆ. ವಾರಕ್ಕೆ ಮೂರು ದಿನ, ಒಂಬತ್ತು ವಾರ. ಮೊದಲ ವಾರ ಒಂದು ನಿಮಿಷ ಓಟ, ಒಂದೂವರೆ ನಿಮಿಷ ನಡಿಗೆ, ಹೀಗೇ ಇಪ್ಪತ್ತು ನಿಮಿಷ. ನನಗೆ ಒಂಬತ್ತು ವಾರದ್ದು ಹದಿನಾಲ್ಕು ವಾರವಾಯಿತು. ನಡುವೆ ಸಂಕ್ರಾಂತಿ ಬಂದಿತ್ತು :)

ಎಷ್ಟು ವೇಗವಾಗಿ ಓಡಬೇಕು ಎಂದು ಎಲ್ಲರೂ ಕೇಳುತ್ತಾರೆ. ವಾಚು ಬೇಡ, ಮಾತೇ ಅಳತೆ. ಪೂರ್ತಿ ವಾಕ್ಯ ಹೇಳಲು ಆಗುತ್ತಿದ್ದರೆ ವೇಗ ಸರಿಯಾಗಿದೆ. ಎರಡು ಪದಕ್ಕೇ ಉಸಿರು ಕಟ್ಟಿದರೆ ನಿಧಾನಿಸಿ. ಓಟದ ಸ್ನೇಹ ಹುಟ್ಟುವುದು ಇಲ್ಲೇ ಎಂದು ನನ್ನ ಅನಿಸಿಕೆ. ಸರಿಯಾದ ವೇಗದಲ್ಲಿ ಓಡಬೇಕಾದರೆ ಮಾತಾಡಲೇಬೇಕು, ಮಾತಾಡಬೇಕಾದರೆ ಒಬ್ಬರು ಜೊತೆಗೆ ಬೇಕು! ಅದರಲ್ಲೂ ಎದುರುಬದುರು ಕೂತು ಆಡುವ ಮಾತಲ್ಲ ಇದು. ಇಬ್ಬರ ಕಣ್ಣೂ ದಾರಿಯ ಮೇಲೆ. ಮುಖ ನೋಡಿ ಹೇಳಲಾಗದ್ದನ್ನು ಪಕ್ಕದಲ್ಲಿ ಓಡುವವರಿಗೆ ಹೇಳಬಹುದು. ಮಾತು ನಿಂತರೂ ಮುಜುಗರವಿಲ್ಲ, ಏದುಸಿರು ಅಂತ ತಿಳಿದುಕೊಳ್ಳುತ್ತಾರೆ. ಅಂಚೆ ತಾತ ಹೆಂಡತಿ ಹೋದ ಕಥೆಯನ್ನು ನನಗೆ ಹೇಳಿದ್ದು ನಾಲ್ಕನೇ ಕಿಲೋಮೀಟರಿನಲ್ಲಿ. ಕಾಫಿ ಕುಡಿಯುವಾಗ ಅದರ ಸುದ್ದಿಯೇ ಇರಲಿಲ್ಲ. ಹವಾಮಾನದ ಮಾತು, ಅಷ್ಟೇ.

ಓಡಿದ ಮೇಲೆ ಬರುವ ಹಗುರಕ್ಕೆ ಎಂಡಾರ್ಫಿನ್ ಕಾರಣ ಎಂದು ಬಹಳ ದಿನ ಹೇಳುತ್ತಿದ್ದರು. ಆದರೆ ರಕ್ತದಲ್ಲಿರುವ ಎಂಡಾರ್ಫಿನ್ ಸುಲಭವಾಗಿ ಮಿದುಳಿನೊಳಗೆ ಹೋಗಲಾರದು. ಈಚಿನ ಸಂಶೋಧನೆಗಳು ಶರೀರವೇ ತಯಾರಿಸುವ ಬೇರೆ ಬಗೆಯ ಪದಾರ್ಥಗಳ ಕಡೆ ಬೆರಳು ತೋರಿಸುತ್ತಿವೆ. ಅವುಗಳಲ್ಲೊಂದನ್ನು 1992ರಲ್ಲಿ ಜೆರುಸಲೇಮಿನ ವಿಜ್ಞಾನಿಗಳು ಗುರುತಿಸಿ ಅದಕ್ಕೆ 'ಆನಂದಮೈಡ್' ಎಂದು ಹೆಸರಿಟ್ಟರು. ಹೌದು, ನಮ್ಮ 'ಆನಂದ'ವೇ, ಸಂಸ್ಕೃತದಿಂದ ತೆಗೆದುಕೊಂಡದ್ದು. ತಾತನಿಗೆ ಇದನ್ನು ಹೇಳಿದ ಮೇಲೆ ಗುಡ್ಡದ ತುದಿ ತಲುಪಿದಾಗಲೆಲ್ಲ "ಆನಂದಾ!" ಎಂದು ಕೂಗುವುದು ಅವರಿಗೆ ರೂಢಿಯಾಯಿತು. ಅದೇ ಹೆಸರಿನ ನಮ್ಮ ಕೂಟದ ಸದಸ್ಯರೊಬ್ಬರು ಒಮ್ಮೆ ಗಾಬರಿಯಾಗಿ ತಿರುಗಿ ನೋಡಿದ್ದೂ ಉಂಟು.

ಪ್ರತಿ ಕ್ರಿಸ್ಮಸ್ಸಿಗೆ ನಾನು ಕೋಡುಬಳೆ ಡಬ್ಬಿ ಒಯ್ಯುತ್ತೇನೆ, ಅವರು ಮಿನ್ಸ್ ಪೈ ತರುತ್ತಾರೆ. (ಹೆಸರಿಗೆ ಹೆದರಬೇಡಿ, ಒಳಗಿರುವುದು ಒಣದ್ರಾಕ್ಷಿ, ಹಣ್ಣು. ಆದರೆ ಕೆಲವದರಲ್ಲಿ ದನದ ಕೊಬ್ಬು ಇರುತ್ತದೆ, ಸಸ್ಯಾಹಾರಿಗಳು ಲೇಬಲ್ ಓದಿ.)

2020ರ ಡಿಸೆಂಬರಿನಲ್ಲಿ ಇದಾವುದೂ ಇರಲಿಲ್ಲ. ಪಾರ್ಕ್‌ರನ್ ಮಾರ್ಚಿನಿಂದಲೇ ನಿಂತಿತ್ತು. ಡಿಸೆಂಬರ್ 20ರಿಂದ ಲಂಡನ್ನಿಗೆ ಬಿಗಿ ನಿರ್ಬಂಧ. ಯಾರ ಮನೆಗೂ ಹೋಗುವಂತಿಲ್ಲ, ಹೊರಗೆ ಬೇರೆ ಮನೆಯ ಒಬ್ಬರನ್ನು ಮಾತ್ರ ಭೇಟಿಯಾಗಬಹುದು. ಅದೇ ವಾರ ಅಮ್ಮನನ್ನು ಮೈಸೂರಿನಲ್ಲಿ ಆಸ್ಪತ್ರೆಗೆ ಸೇರಿಸಿದರು. 23ಕ್ಕೆ ಟಿಕೆಟ್ ತೆಗೆದುಕೊಂಡೆ. 22ರ ಮಧ್ಯರಾತ್ರಿಯಿಂದ ಬ್ರಿಟನ್ನಿನ ವಿಮಾನಗಳನ್ನೆಲ್ಲ ಭಾರತ ನಿಲ್ಲಿಸಿತು. ಹೊಸ ವೈರಸ್ ತಳಿ ಇಲ್ಲಿ ಹಬ್ಬುತ್ತಿತ್ತು, ನಿಲ್ಲಿಸಿದ್ದು ತಪ್ಪು ಎಂದು ಹೇಳಲಾರೆ. 27ರ ಭಾನುವಾರ ಬೆಳಗಿನ ಜಾವ ಅಮ್ಮ ಹೋದರು. ಅಲ್ಲಿ ಮಧ್ಯಾಹ್ನ ಹನ್ನೆರಡು, ಇಲ್ಲಿ ಆರೂವರೆಯ ಕತ್ತಲು. ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ತಮ್ಮ ಕೊಳ್ಳಿ ಇಟ್ಟಿದ್ದನ್ನು ಫೋನಿನ ಪರದೆಯ ಮೇಲೆ ನೋಡಿದೆ. ಹಿರಿಯ ಮಗ ನಾನು. ನಡುವೆ ಎರಡು ಸಲ ಚಿತ್ರ ನಿಂತುಹೋಯಿತು.

ತಾತನಿಗೆ ಒಂದು ಸಾಲು ಮೆಸೇಜ್ ಕಳಿಸಿದೆ. "ಎಂಟೂಕಾಲಿಗೆ ಗೇಟಿನ ಹತ್ತಿರ" ಎಂದು ಉತ್ತರ ಬಂತು. ಸೂತಕದಲ್ಲಿ ಓಡಬಹುದೇ ಎಂದು ಯಾರನ್ನೂ ಕೇಳಲಿಲ್ಲ. ಮಂಕಿ ಟೋಪಿ ಹಾಕಿಕೊಂಡು ಹೋದೆ. ಎರಡು ಮೀಟರ್ ದೂರದಲ್ಲಿ, ಇಡೀ ಪಾರ್ಕು ಎರಡು ಸುತ್ತು, ಇಬ್ಬರೂ ಒಂದು ಮಾತೂ ಆಡಲಿಲ್ಲ. ಕೊನೆಗೆ ಅವರು "ನಾಳೆ ಅವಳ ಬಗ್ಗೆ ಹೇಳು" ಅಂದರು. ಮಾರನೇ ದಿನ ಹೇಳಿದೆ. ಆಮೇಲೆ ದಿನಾ ಹೇಳಿದೆ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಅಮ್ಮ ಸೆರಗು ಸಿಕ್ಕಿಸಿಕೊಂಡು ವಾಕಿಂಗ್ ಹೋಗುತ್ತಿದ್ದದ್ದು, ಸೊಪ್ಪಿನವಳ ಜೊತೆ ಚೌಕಾಸಿ ಮಾಡಿ ಕೊನೆಗೆ ಕೇಳಿದ್ದಕ್ಕಿಂತ ಹೆಚ್ಚು ಕೊಟ್ಟು ಬರುತ್ತಿದ್ದದ್ದು. ಜನವರಿಯಲ್ಲಿ ಲಾಕ್‌ಡೌನ್ ಮತ್ತೆ ಬಂದಾಗಲೂ ವ್ಯಾಯಾಮಕ್ಕೆ ಜೊತೆಗೆ ಒಬ್ಬರಿಗೆ ಅವಕಾಶವಿತ್ತು. ಆ ಒಬ್ಬರು ಅವರಾಗಿದ್ದರು. ವೈಕುಂಠ ಸಮಾರಾಧನೆಯ ದಿನ, ಜನವರಿ 8ಕ್ಕೆ, ವಡೆ ಪಾಯಸವನ್ನು ಅವರ ಬಾಗಿಲಲ್ಲಿಟ್ಟು ಬೆಲ್ ಒತ್ತಿ ಹಿಂದೆ ಸರಿದು ನಿಂತೆ. ಅಂದು ನಮ್ಮ ಮನೆಯ ಎಲೆಗೆ ಬಂದ ಹೊರಗಿನವರು ಎಂದರೆ ಅವರೊಬ್ಬರೇ.

2021ರ ಜುಲೈ 24ರಂದು ಇಂಗ್ಲೆಂಡಿನಲ್ಲಿ ಪಾರ್ಕ್‌ರನ್ ಮತ್ತೆ ಶುರುವಾಯಿತು. ಆ ಹೊತ್ತಿಗೆ ತಾತನ ಮಂಡಿ ಕೈಕೊಟ್ಟಿತ್ತು. ಈಗ ಅವರು ಓಡುವುದಿಲ್ಲ, ಮತ್ತೆ ಹಳದಿ ಜಾಕೀಟು ಹಾಕಿಕೊಂಡು ಕೊನೆಯಲ್ಲಿ ನಡೆದು ಬರುತ್ತಾರೆ. ನಾನು ನನ್ನ 34 ನಿಮಿಷ ಮುಗಿಸಿ ಹಿಂದಕ್ಕೆ ಹೋಗಿ ಅವರ ಜೊತೆ ಕೊನೆಯ ಒಂದು ಕಿಲೋಮೀಟರ್ ನಡೆಯುತ್ತೇನೆ.

ಈ ಕ್ರಿಸ್ಮಸ್ಸಿಗೂ ಬೆಳಿಗ್ಗೆ ಒಂಬತ್ತಕ್ಕೆ ಓಟವಿದೆ. ನಿಮ್ಮ ಮನೆಯ ಹತ್ತಿರ ಎಲ್ಲಿದೆ ಎಂದು ಪಾರ್ಕ್‌ರನ್ ಜಾಲತಾಣದಲ್ಲಿ ನೋಡಿಕೊಳ್ಳಿ. ಬಾರ್‌ಕೋಡ್ ಫೋನಿನಲ್ಲಿದ್ದರೂ ನಡೆಯುತ್ತದೆ. ನಮ್ಮ ಕಡೆಯ ಪಾರ್ಕಿಗೆ ಬರುವುದಾದರೆ ಸಂಪಾದಕರಿಗೆ ಒಂದು ಸಾಲು ಬರೆಯಿರಿ, ಕೋಡುಬಳೆ ಎಷ್ಟು ಕರಿಯಬೇಕು ಎಂದು ಮನೆಯಲ್ಲಿ ಈಗಲೇ ಕೇಳುತ್ತಿದ್ದಾರೆ.