ಬಂಡಿಯ ಮೋರೆ

ಮೋಟಾರು ಬಂಡಿಗೂ ಒಂದು ಮೋರೆಯುಂಟೆಂಬುದು ಅದು ಜಜ್ಜಿಹೋದಾಗಲೇ ನಮಗೆ ಹೊಳೆಯುವುದು. ಕಳೆದ ಮಳೆಗಾಲದಲ್ಲಿ ನನ್ನ ಭಾವಮೈದುನನ ಪಿಕಪ್ಪು ಘಟ್ಟದ ತಿರುವಿನಲ್ಲಿ ಜಾರಿ ಧರೆಗೆ ಗುದ್ದಿತು. ಆತನಿಗೆ ಪೆಟ್ಟಾಗಲಿಲ್ಲ, ಬಂಡಿ ಮಾತ್ರ ಒಂದು ಕಣ್ಣು ಕಳೆದುಕೊಂಡು, ತುಟಿ ಸೊಟ್ಟಗಾಗಿ, ಇನ್ನೊಂದು ಬಂಡಿಯಿಂದ ಎಳೆಸಿಕೊಂಡು ಮನೆಯ ಅಂಗಳಕ್ಕೆ ಬಂದಿತು. ಅಡಕೆ, ಬಾಳೆಗೊನೆ ಹೊತ್ತು ಪೇಟೆಗೆ ಹೋಗುವ ಬಾಡಿಗೆಯೇ ಅವನ ಜೀವನಾಧಾರ. ಸಾಲದ ಕಂತು ಬೇರೆ. ಗ್ಯಾರೇಜಿನವರು ಹೇಳಿದ ಮೊತ್ತ ಕೇಳಿ, "ಭಾವ, ಮನೆಯಲ್ಲೇ ಸರಿಮಾಡೋಣ. ಹಲಸಿನ ಮರಕ್ಕೆ ಸರಪಳಿ ಬಿಗಿದು ಬಂಡಿಯನ್ನು ಹಿಂದಕ್ಕೆ ಎಳೆದರೆ ನೆಟ್ಟಗಾದೀತು" ಎಂದ. ಪಾಠ ಹೇಳುವ ನನಗೆ ಟಾರ್ಚು ಹಿಡಿಯುವ ಕೆಲಸ ಬಂದಿತು.

ಮೊದಲು ಬ್ಯಾಟರಿಯ ತಂತಿ ಕಳಚಿದ. ಬಂಪರು, ಜಾಲರಿ, ಒಡೆದ ದೀಪ ಒಂದೊಂದಾಗಿ ಕೆಳಗಿಳಿದವು. ಸೋರುತ್ತಿದ್ದ ರೇಡಿಯೇಟರಿನ ದ್ರವವನ್ನು ಬಾಣಲೆಯಲ್ಲಿ ಹಿಡಿದು ಎತ್ತರದಲ್ಲಿಟ್ಟೆವು. ಸಿಹಿ ರುಚಿಗೆ ನಾಯಿಗಳು ಅದನ್ನು ನೆಕ್ಕುತ್ತವೆ. ಅದು ಕೊಲ್ಲುವ ವಿಷ.

ಅನಂತರ ಸರಪಳಿ ಹೊರಗೆ ಬಂದಿತು. ಇಲ್ಲಿ ನಾನು ಬಾಯಿ ಹಾಕಿದೆ. ಫೋರ್ಡ್ ಕಂಪೆನಿಯು 1925ರಲ್ಲಿ ತನ್ನ ‘ಮಾಡೆಲ್ ಟಿ’ಗೆ ಹಿಂಬದಿಯಲ್ಲಿ ಸಾಮಾನಿನ ತೊಟ್ಟಿ ಕೂಡಿಸಿ 281 ಡಾಲರಿಗೆ ಮಾರಿತಷ್ಟೆ. ಅಂದಿನಿಂದಲೂ ಬಹುಪಾಲು ಪಿಕಪ್ಪುಗಳಿಗೆ ಆಧಾರ ಒಂದೇ: ಏಣಿಯಂತೆ ಎರಡು ಉಕ್ಕಿನ ತೊಲೆ, ನಡುವೆ ಅಡ್ಡಪಟ್ಟಿ. ಎಂಜಿನ್ನೂ ಹೊರೆಯೂ ಕೂತಿರುವುದು ಈ ಚಾಸಿಸ್ಸಿನ ಮೇಲೆ. ತಗಡು ಸೊಟ್ಟಗಾದರೆ ನೋಟ ಕೆಟ್ಟೀತು; ತೊಲೆ ಸೊಟ್ಟಗಾದರೆ ಚಕ್ರಗಳ ನಡೆಯೇ ಕೆಟ್ಟು, ಬಂಡಿ ಒಂದು ಬದಿಗೆ ಎಳೆದೀತು. ಕೆಂಪಗೆ ಕಾಯಿಸಿ ಬಡಿದರೆ ಉಕ್ಕಿನ ಕಸುವೂ ಇಳಿಯುತ್ತದೆ.

"ಎಳೆಯುವ ಮೊದಲು ಅಳೆಯೋಣ" ಎಂದೆ. ಅಡಕೆ ಒಣಗಿಸುವ ಸಿಮೆಂಟು ಅಂಗಳ ಸಮತಟ್ಟಾಗಿತ್ತು. ಎರಡು ತೊಲೆಗಳಲ್ಲೂ ಜೋಡಿಯಾಗಿರುವ ತೂತುಗಳನ್ನು ಮುಂದೊಂದು, ಹಿಂದೊಂದು ಆರಿಸಿ, ಗಾರೆಯವರ ತೂಗುಗುಂಡನ್ನು ಇಳಿಬಿಟ್ಟು, ನೆಲದಲ್ಲಿ ಸುಣ್ಣದ ಚುಕ್ಕೆಯಿಟ್ಟೆವು. ಬಂಡಿಯನ್ನು ದೂಡಿ ಸರಿಸಿ ಮೂಲೆಯಿಂದ ಮೂಲೆಗೆ ಟೇಪು ಹಿಡಿದೆವು. ಎರಡು ಕರ್ಣಗಳು ಸಮವಿದ್ದರೆ ಚೌಕಟ್ಟು ನೆಟ್ಟಗಿದೆಯೆಂದು ನಂಬಬಹುದು. ಹೈಸ್ಕೂಲಿನ ರೇಖಾಗಣಿತ! ಮುಕ್ಕಾಲು ಇಂಚಿನ ಅಂತರ ಬಂತು. ಇನ್ನೊಮ್ಮೆ ಅಳೆದ, ಅಷ್ಟೇ. ಅವನು ಬಹಳ ಹೊತ್ತು ಆ ಚುಕ್ಕೆಗಳ ನಡುವೆ ಕುಕ್ಕರಗಾಲಿನಲ್ಲಿ ಕುಳಿತಿದ್ದ. ಆಮೇಲೆ ಸರಪಳಿಯನ್ನು ಕೊಟ್ಟಿಗೆಗೆ ಹಾಕಿ ಬಂದ.

ಚಾಸಿಸ್ಸನ್ನು ಪೇಟೆಯಲ್ಲೇ ನೆಟ್ಟಗೆ ಮಾಡಿಸಿದ್ದಾಯಿತು. ತಂಗಿಯ ಮದುವೆಗೆಂದು ಕೂಡಿಟ್ಟಿದ್ದರಲ್ಲಿ ಸ್ವಲ್ಪ ಕರಗಿತು. ಉಳಿದದ್ದೆಲ್ಲ ಮನೆಯಲ್ಲೇ. ಬಾನೆಟ್ಟಿನ ಕೊಂಡಿ ಸರಿಯಾಗಿ ಬೀಳುವವರೆಗೆ ಹತ್ತು ಸಲ ಮುಚ್ಚಿ ತೆಗೆದ. ಓಡುವಾಗ ಅದು ಎದ್ದು ಕಣ್ಣಿಗೆ ಮರೆಯಾದರೆ ಗತಿಯೇನು? ಮುಸ್ಸಂಜೆ ದೀಪಗಳ ಬೆಳಕನ್ನು ಗೋಡೆಯ ಮೇಲೆ ಬಿಟ್ಟು ಎತ್ತರ ಸರಿಪಡಿಸಿದ.

ಬಂಡಿ ಬಿಳಿಯದು, ಗುಜರಿಯಿಂದ ತಂದ ಎಡದ ಮಡ್‌ಗಾರ್ಡು ನೀಲಿ. ಬಣ್ಣ ಹೊಡೆಸಲು ಅಡಕೆ ಕೊಯ್ಲು ಮುಗಿಯಬೇಕಂತೆ.