ಹಳೆಯ ಗಿರಾಕಿಗೆ ಸಲ್ಲಬೇಕಾದ ಪಾಲು

ಬೈಂದೂರು ತಾಲ್ಲೂಕಿನ ಕೊಲ್ಲೂರಿಗೆ ಮೂಕಾಂಬಿಕೆಯ ದರ್ಶನಕ್ಕೆಂದು ಕರ್ನಾಟಕ, ಕೇರಳ, ತಮಿಳುನಾಡುಗಳಿಂದ ವರ್ಷವಿಡೀ ಯಾತ್ರಿಕರು ಬರುತ್ತಾರೆ. ಊರಿಗೆ ಮರಳುವಾಗ ಕರಾವಳಿಯ ಹಲಸಿನ ಹಪ್ಪಳವನ್ನೋ ತೆಂಗಿನೆಣ್ಣೆಯನ್ನೋ ಕೊಂಡೊಯ್ಯುವುದುಂಟು. ರುಚಿ ಹಿಡಿಸಿದರೆ ಮತ್ತೆ ಬೇಕೆನಿಸುತ್ತದೆ; ಆದರೆ ಪುನಃ ಬರುವುದು ಎಂದೋ. ಈ ಅಂತರವನ್ನು ಇಂದು ಮೊಬೈಲ್ ಫೋನು ತುಂಬುತ್ತಿದೆ. ಮನೆಯಲ್ಲಿ ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಮಾಡುವ ಕುಟುಂಬವೂ ಆನ್‌ಲೈನ್ ಅಂಗಡಿ ತೆರೆದು ಬೆಂಗಳೂರು, ಮುಂಬಯಿಗಳಿಗೆ ಪಾರ್ಸೆಲ್ ಕಳುಹಿಸಬಹುದಾಗಿದೆ. ಒಮ್ಮೆ ಕೊಂಡವರು ಮತ್ತೆ ಮತ್ತೆ ಬರುವಂತೆ ಮಾಡಲು ಇಂತಹ ಅಂಗಡಿಗಳು ‘ಪಾಯಿಂಟು’ ಕೊಡುವ ಬಹುಮಾನ ಯೋಜನೆಗಳನ್ನು ಹಾಕಿಕೊಳ್ಳುತ್ತವೆ. ಇಂತಹ ಯೋಜನೆಯನ್ನು ರೂಪಿಸುವ ಬಗೆಯನ್ನು ಮಾರುವವರೂ ಕೊಳ್ಳುವವರೂ ಅರಿತಿರುವುದು ಒಳಿತು.

ಈ ಪದ್ಧತಿ ಹೊಸದೇನಲ್ಲ. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದಲ್ಲಿ ಶ್ರಮಜೀವಿಗಳು ಕೂಡಿ ಸಹಕಾರಿ ಅಂಗಡಿಯೊಂದನ್ನು ತೆರೆದರು. ಬಂದ ಲಾಭವನ್ನು ಸದಸ್ಯರಿಗೆ, ಅವರವರು ಕೊಂಡ ಸಾಮಾನಿನ ಪ್ರಮಾಣಕ್ಕೆ ತಕ್ಕಂತೆ ಹಂಚಿದರು. ನಮ್ಮ ಹಳ್ಳಿಗಳ ಹಾಲು ಉತ್ಪಾದಕರ ಸಹಕಾರ ಸಂಘಗಳು ಲಾಭ ಬಂದ ವರ್ಷ ಸದಸ್ಯರಿಗೆ ಅವರು ಹಾಕಿದ ಹಾಲಿಗೆ ತಕ್ಕಂತೆ ಬೋನಸ್ ನೀಡುವುದೂ ಇದೇ ತತ್ತ್ವದಿಂದ. ಇದು ಪಾಲು. ಇದರ ಜೊತೆಗೆ ಬೇರೊಂದು ಧಾರೆಯೂ ಬೆಳೆಯಿತು. 1896ರಲ್ಲಿ ಅಮೆರಿಕದ ಸ್ಪೆರಿ ಮತ್ತು ಹಚಿನ್‌ಸನ್ ಸಂಸ್ಥೆಯು ಅಂಗಡಿಗಳ ಮೂಲಕ ಗಿರಾಕಿಗಳಿಗೆ ಹಸಿರು ಚೀಟಿಗಳನ್ನು ಕೊಡಿಸತೊಡಗಿತು. ಅವನ್ನು ಪುಸ್ತಕಕ್ಕೆ ಅಂಟಿಸಿ ತುಂಬಿಸಿದವರಿಗೆ ವಸ್ತುಗಳು ದೊರೆಯುತ್ತಿದ್ದವು. 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಪ್ರಯಾಣದ ಮೈಲಿಗಳನ್ನೇ ಬಹುಮಾನವಾಗಿಸಿತು. ಬೆಂಗಳೂರಿನಲ್ಲಿ 2007ರಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್, 2018ರ ಆಗಸ್ಟ್ 15ರಂದು ವಾರ್ಷಿಕ ಶುಲ್ಕವಿಲ್ಲದ ‘ಪ್ಲಸ್’ ಯೋಜನೆಯನ್ನು ಆರಂಭಿಸಿ, ಕೊಂಡವರಿಗೆ ನಾಣ್ಯಗಳ ಲೆಕ್ಕದಲ್ಲಿ ಬಹುಮಾನ ನೀಡಿತು.

ಬಹುಮಾನವು ಪಾಲಾಗಬಹುದು, ಗಾಳದ ಎರೆಯೂ ಆಗಬಹುದು. ಯಾವುದಾಗುತ್ತದೆ ಎಂಬುದನ್ನು ನಿರ್ಧರಿಸುವುದು ಅದರ ಲೆಕ್ಕ.

ಬೈಂದೂರಿನ ಒಂದು ಮನೆಯ ಅಂಗಡಿಯನ್ನು ಊಹಿಸಿಕೊಳ್ಳೋಣ. 1,000 ರೂಪಾಯಿಯ ಮಾರಾಟದಲ್ಲಿ ಸಾಮಗ್ರಿ, ಕೂಲಿ, ಡಬ್ಬಿ, ಅಂಚೆ ವೆಚ್ಚ ಕಳೆದು 150 ರೂಪಾಯಿ ಉಳಿಯುತ್ತದೆಂದು ಇಟ್ಟುಕೊಳ್ಳೋಣ. ಶೇಕಡಾ 5ರಷ್ಟು ಬಹುಮಾನ ಕೊಟ್ಟರೆ 50 ರೂಪಾಯಿ, ಅಂದರೆ ಲಾಭದ ಮೂರನೆಯ ಒಂದು ಪಾಲು ಹೋಗುತ್ತದೆ. ಅದನ್ನು ತುಂಬಿಕೊಳ್ಳಲು ಬೆಲೆ ಏರಿಸಿದರೆ ಗಿರಾಕಿಯ ಹಣವನ್ನೇ ಗಿರಾಕಿಗೆ ಉಡುಗೊರೆ ಕೊಟ್ಟಂತಾಗುತ್ತದೆ. ಶೇಕಡಾ 2 ಆದರೆ ಹೋಗುವುದು 20 ರೂಪಾಯಿ. ಸಣ್ಣ ಅಂಗಡಿ ಇದನ್ನು ತಾಳಿಕೊಳ್ಳಬಲ್ಲದು.

ಎರಡನೆಯ ಲೆಕ್ಕ ಗಿರಾಕಿಯ ಕಡೆಯಿಂದ. ತಿಂಗಳಿಗೆ 500 ರೂಪಾಯಿಯಷ್ಟು ಕೊಳ್ಳುವ ಮನೆಗೆ ಈ ದರದಲ್ಲಿ 10 ಪಾಯಿಂಟು ಸೇರುತ್ತದೆ. ಒಂದು ಪಾಯಿಂಟಿಗೆ ಒಂದು ರೂಪಾಯಿ. ‘200 ಪಾಯಿಂಟು ಆದ ಮೇಲೆ ಮಾತ್ರ ಬಳಸಬಹುದು, ವರ್ಷ ಕಳೆದರೆ ರದ್ದು’ ಎಂದು ನಿಯಮವಿದ್ದರೆ, 200 ಆಗಲು 20 ತಿಂಗಳು ಬೇಕು. 12 ತಿಂಗಳಿಗೇ ರದ್ದಾಗುತ್ತಾ ಹೋಗುತ್ತದೆ. ಅಂತಹ ಮನೆಗೆ ಆ ಬಹುಮಾನ ಎಂದೂ ದಕ್ಕದು. ಕೊಡುವ ಹೆಸರು ಉಂಟು, ಕೊಡುವ ಮನಸ್ಸಿಲ್ಲ. ಅದೇ 30 ಪಾಯಿಂಟಿಗೆ ಬಳಸಬಹುದೆಂದರೆ ಮೂರೇ ತಿಂಗಳಲ್ಲಿ ಅಂಗಡಿಯ ಮಾತು ನಿಜವೆಂಬುದು ಗೃಹಿಣಿಯ ಕೈಗೆ ಸಿಗುತ್ತದೆ. ಹನಿಹನಿಗೂಡಿದರೆ ಹಳ್ಳ ಎಂಬ ಗಾದೆ ನಿಜವಾಗುವುದು ಹನಿ ಆರಿಹೋಗದಿದ್ದಾಗ ಮಾತ್ರ.

ಮೂರನೆಯದಾಗಿ, ಕೊಟ್ಟ ಪಾಯಿಂಟು ಅಂಗಡಿಯ ಮೇಲಿನ ಋಣ. 300 ಮನೆಗಳ ಖಾತೆಯಲ್ಲಿ 60ರಂತೆ ಪಾಯಿಂಟು ಉಳಿದಿದ್ದರೆ 18,000 ರೂಪಾಯಿ ಸಲ್ಲಿಸಬೇಕಾಗಿದೆ ಎಂದರ್ಥ. ಹಬ್ಬದ ತಿಂಗಳಲ್ಲಿ ಬಹಳಷ್ಟು ಮನೆಗಳು ಒಟ್ಟಿಗೆ ಕೇಳಬಹುದು. ಆದ್ದರಿಂದ ಅದನ್ನು ಲೆಕ್ಕದ ಪುಸ್ತಕದಲ್ಲಿ ಸಾಲವೆಂದೇ ಬರೆದಿಡತಕ್ಕದ್ದು. ಸರಕು ಹಿಂದಿರುಗಿಸುವ ಅವಧಿ ಮುಗಿದ ಮೇಲೆಯೇ ಪಾಯಿಂಟು ಜಮೆ ಮಾಡಿದರೆ ಜಗಳಕ್ಕೆ ಎಡೆಯಿರದು. ಅವಧಿ ಇಡುವುದಾದರೆ ಕೊನೆಯ ಖರೀದಿಯಿಂದ ಎಣಿಸಿ, ರದ್ದಾಗುವ ಮೊದಲು ಗಿರಾಕಿಗೆ ತಿಳಿಸಬೇಕು. ಒಂದೇ ಮನೆಯ ಅತ್ತೆ, ಸೊಸೆ, ಮಗಳ ಖರೀದಿಗಳು ಒಂದೇ ಖಾತೆಗೆ ಸೇರುವಂತಿದ್ದರೆ ಇನ್ನೂ ಒಳ್ಳೆಯದು. ಹೊಸಬರಿಗಷ್ಟೇ ರಿಯಾಯಿತಿ ಕೊಟ್ಟು ಹಳಬರನ್ನು ಮರೆಯುವುದಂತೂ ಸಲ್ಲದು.

ಕಾನೂನೂ ಈಗ ಗಿರಾಕಿಯ ಬೆನ್ನಿಗಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ 2023ರಲ್ಲಿ ಹೊರಬಂದ ಮಾರ್ಗಸೂಚಿಯು, ಆನ್‌ಲೈನ್ ವ್ಯಾಪಾರದಲ್ಲಿ ಕೊಳ್ಳುವವರನ್ನು ದಾರಿತಪ್ಪಿಸುವ 13 ಬಗೆಯ ತಂತ್ರಗಳನ್ನು ಹೆಸರಿಸಿ ನಿಷೇಧಿಸಿದೆ. ಇಲ್ಲದ ಅವಸರವನ್ನು ಹುಟ್ಟಿಸುವುದು, ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು ಅವುಗಳಲ್ಲಿ ಸೇರಿವೆ. ಪಾಯಿಂಟಿಗೆಂದು ಪಡೆದ ಮೊಬೈಲ್ ಸಂಖ್ಯೆಯನ್ನು ಗಿರಾಕಿಯನ್ನು ಕೇಳದೆ ಬೇರೊಬ್ಬರಿಗೆ ಕೊಡುವುದು ನಂಬಿಕೆಗೆ ದ್ರೋಹ.

ಕೊಳ್ಳುವ ಸಹೋದರಿಯರಿಗೂ ಒಂದು ಮಾತು. 20 ಪಾಯಿಂಟಿನ ಆಸೆಗೆ ಬೇಡದ 400 ರೂಪಾಯಿಯ ವಸ್ತು ಕೊಂಡರೆ ಉಳಿತಾಯವಾಗದು, 380 ರೂಪಾಯಿ ಕೈಬಿಡುತ್ತದೆ. ಬೇಕಾದುದನ್ನು ಕೊಂಡಾಗ ಬಂದದ್ದೇ ನಿಜವಾದ ಲಾಭ.

ಮಳೆಗಾಲದಲ್ಲಿ ಮೆತ್ತಗಾದ ಹಪ್ಪಳ ತಲುಪಿದರೆ ಎಷ್ಟು ಪಾಯಿಂಟು ಕೊಟ್ಟರೂ ಗಿರಾಕಿ ಮರಳಲಾರರು. ಸರಿಯಾದ ತೂಕ, ಶುದ್ಧವಾದ ಸರಕು, ಹೇಳಿದ ದಿನಕ್ಕೆ ತಲುಪುವ ಪಾರ್ಸೆಲ್, ತಪ್ಪಾದರೆ ತಕರಾರಿಲ್ಲದೆ ಬದಲಿ: ಇವು ಮೊದಲು. ಬಹುಮಾನವು ಇವುಗಳ ಮೇಲೆ ಸಲ್ಲಿಸುವ ಕೃತಜ್ಞತೆ. ದುಡಿದು ಗಳಿಸಿದ ಲಾಭದಲ್ಲಿ ನಂಬಿ ಬಂದವರಿಗೂ ಒಂದು ಪಾಲುಂಟೆಂದು ಬಗೆದು ಯೋಜನೆ ರೂಪಿಸಿದ ಅಂಗಡಿಯು ಚಿಕ್ಕದಾದರೂ ಬಹುಕಾಲ ಬಾಳೀತು.